ವರ್ಲಿನ್ ಮ್ಯಾಗರ್ಡನ ಎರಡನೆಯ ಮೆತ್ತೆ

ಇಂದ್ರ ತನ್ನ ಸಿಂಹಾಸನದಲ್ಲಿ ಅರ್ಧ ಜಾಗ ಬಿಟ್ಟು ಕೂರುತ್ತಿದ್ದನಂತೆ, ಯಾರಾದರೂ ಮಹಾವೀರ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಲೆಂದು. ಇಂದ್ರನ ಸಿಂಹಾಸನ ದೊಡ್ಡದು, ಸರಿದು ಕೂರುವುದರಲ್ಲಿ ಅಂಥ ತ್ಯಾಗವೇನೂ ಇಲ್ಲ. ಅಮೆರಿಕದ ಮಿಸೌರಿ ರಾಜ್ಯದ ನಮ್ಮ ಓಝಾರ್ಕ್ ಗುಡ್ಡಗಳ ವರ್ಲಿನ್ ಮ್ಯಾಗರ್ಡನಿಗೆ ಸಿಂಹಾಸನವೇ ಇರಲಿಲ್ಲ. ಆದರೂ ಅರ್ಧಾಸನದ ವಿಚಾರದಲ್ಲಿ ಅವನು ಇಂದ್ರನನ್ನು ಹಿಂದೆ ಹಾಕಿದ.

ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗುವವರೆಲ್ಲ ಸೊಂಟದ ಹಿಂದೆ ಒಂದು ಮೆತ್ತೆ ನೇತುಹಾಕಿಕೊಂಡು ಹೋಗುತ್ತಾರೆ. ಏಪ್ರಿಲ್ ಬೆಳಗಿನಲ್ಲಿ ನಮ್ಮ ನೆಲ ಕಲ್ಲು, ಓಕ್ ಕಾಯಿ, ಇಬ್ಬನಿ ಮೂರನ್ನೂ ಸೇರಿಸಿ ಕಚ್ಚುತ್ತದೆ. ವರ್ಲಿನ್ ಎರಡು ಮೆತ್ತೆ ಒಯ್ಯುತ್ತಿದ್ದ. ದಿಬ್ಬದ ಮೇಲಿನ ದೊಡ್ಡ ಓಕ್ ಮರದ ಬುಡದಲ್ಲಿ ಎರಡನ್ನೂ ಒತ್ತಾಗಿ ಹಾಸಿ, ಒಂದರ ಮೇಲೆ ಕೂರುತ್ತಿದ್ದ. ಇನ್ನೊಂದು ಖಾಲಿ.

ಈ ಖಾಲಿ ಮೆತ್ತೆಯ ಮೇಲೆ ನಮ್ಮ ಊರು ಡ್ರೈ ಫೋರ್ಕ್ ಎಷ್ಟು ಜನರನ್ನು ಕೂರಿಸಿತು ಎಂಬುದಕ್ಕೆ ಲೆಕ್ಕವಿಲ್ಲ. ಪಾದ್ರಿಯ ಹೆಂಡತಿಯ ಪ್ರಕಾರ ಅದು ಅವನ ಕಾವಲು ದೇವದೂತನಿಗೆ. ಮರಕೊಯ್ಯುವ ಮಿಲ್ಲಿನವರ ಪ್ರಕಾರ ಸತ್ತುಹೋದ ಅವನ ನಾಯಿಯ ಆತ್ಮಕ್ಕೆ. ಮಿಲ್ಲಿನಿಂದ ನಿವೃತ್ತನಾಗಿ, ನನ್ನ ಬೀಜ-ಮೇವಿನ ಅಂಗಡಿಯ ಬೆಂಚಿಗೆ ಪೂರ್ಣಾವಧಿ ಸೇವೆ ಸಲ್ಲಿಸುವ ಹೋಬರ್ಟ್ ಪ್ರಕಾರ, ಪ್ರಾಯದಲ್ಲಿ ಅವನಿಗೆ ಕೈಕೊಟ್ಟ ಹುಡುಗಿಗೆ. ಯಾವ ಹುಡುಗಿ ಎಂದು ಕೇಳಿದರೆ, "ಅಷ್ಟು ಚೆನ್ನಾಗಿ ಕೈಕೊಟ್ಟವಳ ಹೆಸರು ಹೊರಗೆ ಬರುತ್ತೇನಯ್ಯಾ?" ಎನ್ನುತ್ತಿದ್ದ. ಕಥೆ ಪಕ್ಕದ ಕೌಂಟಿಗೆ ಹೋಗುವ ಹೊತ್ತಿಗೆ ಮೆತ್ತೆಗೆ ಮಖಮಲ್ಲು ಬಂದಿತ್ತು. ಅದರಾಚೆಯ ಕೌಂಟಿಯಲ್ಲಿ ಜರಿ. ಟರ್ಕಿಗಳ ಅರಸ ಒಂದು ದಿನ ಬಂದು ಅದರ ಮೇಲೆ ಕೂತು ವರ್ಲಿನನ ಜೊತೆ ಸಂಧಿ ಮಾತಾಡುತ್ತಾನೆ, ಅಂದಿಗೆ ಮಿಸೌರಿಯಲ್ಲಿ ಬೇಟೆ ನಿಲ್ಲುತ್ತದೆ ಎಂಬ ಭವಿಷ್ಯವಾಣಿಯನ್ನೂ ನಾನು ಕೇಳಿದ್ದೇನೆ. ನಿಜದಲ್ಲಿ ಅದು ಬಣ್ಣ ಹೋದ ಹಸಿರು ಕ್ಯಾನ್ವಾಸಿನದು, ಒಂದು ಮೂಲೆಗೆ ಟೇಪು ಸುತ್ತಿತ್ತು.

ಅವನನ್ನೇ ಕೇಳಬಹುದಿತ್ತಲ್ಲ ಎನ್ನಬಹುದು ನೀವು. ವರ್ಲಿನನನ್ನು ಏನಾದರೂ ಕೇಳುವುದೆಂದರೆ ಆಳದ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಿವಿಯಿಟ್ಟಂತೆ. ಕಾದು ಕಾದು ಜನ ಮನೆಗೆ ಹೋಗುತ್ತಿದ್ದರು.

ಅವನು ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದವನು. ಮದುವೆಯಾಗಲಿಲ್ಲ. ಜಲ್ಲಿರಸ್ತೆ ಮುಗಿಯುವಲ್ಲಿ, ದಿಬ್ಬದ ನೆತ್ತಿಯ ಮೇಲೆ, ಚಕ್ರ ಕಳಚಿ ಇಟ್ಟಿಗೆಯ ಮೇಲೆ ನಿಲ್ಲಿಸಿದ ಟ್ರೇಲರ್ ಮನೆಯಲ್ಲಿ ಒಬ್ಬನೇ ಇದ್ದ. ಅವನ ಅಂಚೆಪೆಟ್ಟಿಗೆಯೊಳಗೆ ಪ್ರತಿವರ್ಷ ಒಂದು ಪುಟ್ಟ ಹಕ್ಕಿ ಗೂಡು ಕಟ್ಟಿ ಮರಿ ಮಾಡಿ ಹೋಗುತ್ತಿತ್ತು. ಕಾಗದ ಬಂದು ಆ ಸಂಸಾರಕ್ಕೆ ತೊಂದರೆಯಾದದ್ದು ನಾನು ಕೇಳಿಲ್ಲ. ಚಳಿಗಾಲದಲ್ಲಿ ಅವನು ನನ್ನ ಅಂಗಡಿಗೆ ಬಂದರೆ ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದ. ಮೂಟೆ ಹೊತ್ತು ಬಾಗಿಲ ತನಕ ಹೋಗಿ, ಅಲ್ಲೊಂದು ಕ್ಷಣ ನಿಲ್ಲುತ್ತಿದ್ದ. ಏನೋ ಹೇಳುತ್ತಾನೆಂದು ನಾವೆಲ್ಲ ಕಾಫಿ ಕಪ್ಪು ಕೆಳಗಿಡುತ್ತಿದ್ದೆವು. ಅವನು ಟೋಪಿ ಸರಿಪಡಿಸಿಕೊಂಡು ಹೋಗಿಬಿಡುತ್ತಿದ್ದ.

ಇಂಥವನು ವಸಂತ ಬಂದರೆ ವಾಗ್ಮಿಯಾಗುತ್ತಿದ್ದ. ಮನುಷ್ಯರ ಹತ್ತಿರ ಅಲ್ಲ. ಟರ್ಕಿಯ ರೆಕ್ಕೆಯ ಮೂಳೆಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಪೀಪಿಯೊಂದು ಅವನ ಬಳಿ ಇತ್ತು. ಅದನ್ನು ಊದುವುದಲ್ಲ, ಮುತ್ತಿಟ್ಟಂತೆ ತುಟಿಗಿಟ್ಟು ಗಾಳಿ ಹೀರುವುದು. ಆಗ ಹೊರಡುವ ಹೇಂಟೆಯ ಕೂಗು ಕೇಳಿದರೆ ನಿಜವಾದ ಹೇಂಟೆಗಳಿಗೇ ತಮ್ಮ ಉಚ್ಚಾರಣೆಯ ಬಗ್ಗೆ ನಾಚಿಕೆಯಾಗಬೇಕು.

ಹಾಗಾಗಿಯೇ ಪ್ರತಿ ಮಾರ್ಚ್ ತಿಂಗಳಲ್ಲಿ ಒಂದು ಶನಿವಾರ ನನ್ನ ಅಂಗಡಿಯ ಹಿಂಕೋಣೆಯಲ್ಲಿ, ಜೋಳದ ಮೂಟೆಗಳ ನಡುವೆ, ಹೊಸಬರಿಗೆ ಟರ್ಕಿ ಬೇಟೆಯ ಪಾಠ ಹೇಳಿಸುವ ಹುಚ್ಚು ನನಗೆ ಹತ್ತಿತು. ಬೇರೆ ಊರುಗಳಲ್ಲಿ ಈ ಪಾಠ ಇಡೀ ದಿನ ನಡೆಯುತ್ತದೆ, ಮಧ್ಯೆ ಊಟವಿರುತ್ತದೆ. ನಮ್ಮ ಗುರುಗಳ ಪಾಠ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು.

"ಕೂರಿ. ಬೆನ್ನಿಗೆ ನಿಮಗಿಂತ ಅಗಲದ ಮರ ಇರ್ಲಿ."

ಹೊಸಬರು ಪೆನ್ನು ಹಿಡಿದು ಕಾಯುತ್ತಿದ್ದರು.

"ಕೆಂಪು, ಬಿಳಿ, ನೀಲಿ ಬೇಡ. ಹುಂಜದ ತಲೆ ಬಣ್ಣ ಅದು. ಇನ್ನೊಬ್ಬ ನಿಮ್ಮನ್ನೇ ಹೊಡೀತಾನೆ."

ಹೊಸಬರು ಬರೆದುಕೊಳ್ಳುತ್ತಿದ್ದರು.

"ಎದೆ ಮೇಲೆ ಗಡ್ಡ ಕಾಣ್ಬೇಕು. ಕಾಣೋವರೆಗೂ ಗುಂಡಿಲ್ಲ." ವಸಂತದಲ್ಲಿ ಎದೆಯಿಂದ ಕೂದಲಿನ ಗಡ್ಡ ಜೋತಿರುವುದನ್ನಷ್ಟೇ, ಅಂದರೆ ಹುಂಜವನ್ನಷ್ಟೇ, ಹೊಡೆಯಬೇಕೆಂಬ ಕಾನೂನನ್ನು ಅವನು ಹೀಗೆ ಎರಡು ಸಾಲಿಗೆ ಇಳಿಸಿದ್ದ. "ಒಂದ್ಸಲ ಕೂಗಿ. ಆಮೇಲೆ ಬಾಯ್ಮುಚ್ಚಿ. ಸದ್ದು ಬಂದ ಕಡೆಗೆ ನಡ್ಕೊಂಡು ಹೋಗ್ಬೇಡಿ. ಯಾವತ್ತೂ. ಅದು ಬರುತ್ತೆ. ಕಾಯಿರಿ."

ಆ ಕೊನೆಯ ಮಾತಿನಲ್ಲೇ ಇಡೀ ವಿದ್ಯೆ ಇದೆ. ಕಾಡಿನ ಪದ್ಧತಿಯಲ್ಲಿ ಹುಂಜ ನಿಂತಲ್ಲಿಂದ ಗಳಗಳನೆ ಕೂಗುತ್ತಾನೆ, ಹೇಂಟೆ ಅವನಿದ್ದಲ್ಲಿಗೆ ಹೋಗುತ್ತಾಳೆ. ಬೇಟೆಗಾರ ಹೇಂಟೆಯಂತೆ ಕೂಗಿ, ಆದರೆ ಜಾಗ ಬಿಟ್ಟು ಕದಲದೆ, ಆ ಪದ್ಧತಿಯನ್ನು ತಿರುಗುಮುರುಗು ಮಾಡುತ್ತಾನೆ. ಕರೆದವಳು ಬರಲಿಲ್ಲವಲ್ಲ ಎಂದು ಹುಂಜನಿಗೆ ಅವಮಾನವಾಗುತ್ತದೆ, ಅನುಮಾನವಾಗುತ್ತದೆ, ಕೊನೆಗೆ ತಾನೇ ಹೊರಡುತ್ತಾನೆ. ಯಾರು ಹೆಚ್ಚು ಹೊತ್ತು ಕಾಯಬಲ್ಲರೋ ಅವರು ಗೆದ್ದರು. ಈ ಆಟದಲ್ಲಿ ವರ್ಲಿನನನ್ನು ಸೋಲಿಸುವವರಿರಲಿಲ್ಲ. ಯಾರೂ ಬಾರದೆ ಇರುವುದನ್ನು ಅವನು ಜೀವನಪೂರ್ತಿ ಅಭ್ಯಾಸ ಮಾಡಿದ್ದ.

ಹಾಗಿದ್ದವನು ಇತ್ತೀಚಿನ ನಾಲ್ಕು ವಸಂತಗಳಲ್ಲಿ ಒಂದೇ ಒಂದು ಹುಂಜ ತರಲಿಲ್ಲ. ವಯಸ್ಸಾಯಿತು ಎಂದರು ಬೆಂಚಿನವರು. ನಾನೊಮ್ಮೆ ಜೊತೆಗೆ ಹೋಗಿ ಕಾರಣವನ್ನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ.

ಬೆಳಕು ಹರಿಯುವ ಮೊದಲೇ ಮರದ ಬುಡ ಸೇರಿದೆವು. ಅವನು ಎರಡೂ ಮೆತ್ತೆ ಹಾಸಿದ, ಒಂದರ ಮೇಲೆ ಕೂತ. ನಾನು ಇನ್ನೊಂದನ್ನು ನೋಡಿದೆ. ಅವನೂ ಅದನ್ನು ನೋಡಿದ, ನನ್ನನ್ನೂ ನೋಡಿದ. ನಾನು ನೆಲದ ಮೇಲೆ ಕೂತೆ. ದೇವದೂತನ ಜಾಗದಲ್ಲಿ ಕೂರಲು ನನಗೆ ಧೈರ್ಯ ಸಾಲದು.

ಅವನು ಕೂಗಿದ. ಕೆಳಗಿನ ಕಣಿವೆಯಿಂದ ಹುಂಜ ಗಳಗಳ ಎಂದ. ಅಷ್ಟರಲ್ಲಿ ಕಣಿವೆಯಾಚೆಯ ದಿಬ್ಬದಿಂದ ಇನ್ನೊಂದು ಹೇಂಟೆ ಕೂಗಿತು. ಎರಡು ಕೂಗು ಸರಿಯಾಗಿ, ಮೂರನೆಯದು ಒಡೆದು, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟಿತು. ವರ್ಲಿನನ ಮುಖ ನೋಡಬೇಕಿತ್ತು. ಸಂಜೆ ಕೆಲಸದಿಂದ ಬಂದವನಿಗೆ ಒಳಗಿನಿಂದ ಯಾರೋ 'ಬಂದ್ರಾ?' ಎಂದರೆ ಹೇಗಾಗುತ್ತದೋ, ಹಾಗಿತ್ತು. ಅವನು ಉತ್ತರ ಕೊಟ್ಟ. ಆಚೆಯದು ಮರು ಉತ್ತರ ಕೊಟ್ಟಿತು. ಇವನು ತನ್ನದೇ ನಿಯಮ ಮುರಿದು ಮತ್ತೆ ಮತ್ತೆ ಕೂಗಿದ. ಹುಂಜ ಪಾಪ ಕಣಿವೆಯ ನಡುವೆ ಇಬ್ಬರು ಹೆಂಡಿರ ಗಂಡನಂತೆ ಸಿಕ್ಕಿಬಿದ್ದು, ಈ ಕಡೆ ನಾಲ್ಕು ಹೆಜ್ಜೆ, ಆ ಕಡೆ ನಾಲ್ಕು ಹೆಜ್ಜೆ ಇಟ್ಟು, ಕೂಗಿ ಕೂಗಿ ಗಂಟಲು ಬತ್ತಿಸಿಕೊಂಡಿತು.

"ಆ ಹೇಂಟೆ ಇರೋವರೆಗೂ ಇದು ಮೇಲೆ ಬರಲ್ಲ ಕಣೋ," ಎಂದು ಪಿಸುಗುಟ್ಟಿದೆ.

"ಬರದಿದ್ರೆ ಬೇಡ," ಎಂದ ವರ್ಲಿನ್.

ಅಲ್ಲಿಗೆ ನನಗೆ ತಿಳಿಯಿತು. ಮನುಷ್ಯನಿಗೆ ಹುಂಜ ಬೇಕಾಗಿರಲಿಲ್ಲ. ಬೆಳಿಗ್ಗೆ ಎದ್ದು ಒಂದು ಮಾತಾಡಿದರೆ ಮರುಮಾತಾಡುವ ಒಂದು ಜೀವ ಅವನಿಗೆ ಸಿಕ್ಕಿತ್ತು. ಅದು ಹೇಂಟೆಯಾಗಿದ್ದರೆ ಆಗಲಿ.

ಕಣಿವೆಯ ತೊರೆಯಾಚೆಗಿನ ದಿಬ್ಬ ಡಬ್ ಕ್ರೈಡರನದು. ಡಬ್ ಮತ್ತು ವರ್ಲಿನ್ ಒಂದು ಕಾಲದಲ್ಲಿ ಜೊತೆಯಾಗಿ ಬೇಟೆಗೆ ಹೋಗುತ್ತಿದ್ದವರು. ಒಂದು ವಸಂತ ಡಬ್ ಕರೆದ ಹುಂಜವನ್ನು ವರ್ಲಿನ್ ಹೊಡೆದನಂತೆ. ಅಥವಾ ವರ್ಲಿನ್ ಕರೆದದ್ದನ್ನು ತಾನು ಕರೆದದ್ದೆಂದು ಡಬ್ ಹೇಳಿದನಂತೆ. ಡಬ್ ಕೂಗಾಡಿದ. ವರ್ಲಿನ್ ತುಟಿ ಬಿಚ್ಚಲಿಲ್ಲ. ಜಗಳದಲ್ಲಿ ಇಬ್ಬರ ಪಾಲಿನದನ್ನೂ ಒಬ್ಬನೇ ಆಡಬೇಕಾಗಿ ಬಂದ ಡಬ್, ಅದಕ್ಕೇ ಇನ್ನಷ್ಟು ಕೆರಳಿ, ತೊರೆಯ ಉದ್ದಕ್ಕೂ ತನ್ನ ಮರಗಳಿಗೆ ನೇರಳೆ ಬಣ್ಣದ ಪಟ್ಟೆ ಬಳಿದ. ನಮ್ಮ ರಾಜ್ಯದಲ್ಲಿ ಮರಕ್ಕೆ ನೇರಳೆ ಬಳಿದರೆ ಮುಗಿಯಿತು, ಒಳಗೆ ಕಾಲಿಟ್ಟವನು ಅಪರಾಧಿ. ವರ್ಲಿನ್ ಕಾಲಿಡಲಿಲ್ಲ. ಡಬ್ ಸತ್ತಾಗ ಶವಸಂಸ್ಕಾರಕ್ಕೆ ಬಂದು, ಇಗರ್ಜಿಯ ಹೊರಗೆ ಟ್ರಕ್ಕಿನಲ್ಲೇ ಕೂತಿದ್ದು ಹೋದ.

ಡಬ್‌ನ ಹೆಂಡತಿ ಒಲೀಟಾ ವರ್ಲಿನನಿಗೆ ತದ್ವಿರುದ್ಧ. ಅವಳು ಉಸಿರು ತೆಗೆದುಕೊಳ್ಳುವುದೇ ಮುಂದಿನ ಮಾತಿಗಾಗಿ. ಡಬ್ ಹೋದ ಮೇಲೆ ಅವಳ ಮಾತಿಗೆ ಆ ದಿಬ್ಬದ ಮೇಲೆ ಕಿವಿಯಿದ್ದದ್ದು ಗೋಡೆಗಳಿಗೆ ಮಾತ್ರ.

ಈ ವರ್ಷದ ಪಾಠಕ್ಕೆ ಒಲೀಟಾ ಬಂದಳು. ಡಬ್‌ನ ಹಳೆಯ ಮರದ ಡಬ್ಬಿಯನ್ನು ಕೈವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಅಂಗೈಗಿಂತ ಸ್ವಲ್ಪ ಉದ್ದದ ಡಬ್ಬಿ, ಮೇಲೊಂದು ಅಲ್ಲಾಡುವ ಮುಚ್ಚಳ. ಮುಚ್ಚಳವನ್ನು ಡಬ್ಬಿಯ ಅಂಚಿಗೆ ಉಜ್ಜಿದರೆ ಹೇಂಟೆಯ ಕೂಗು ಬರುತ್ತದೆ. ಅವಳನ್ನು ಕಂಡದ್ದೇ ವರ್ಲಿನ್ ಕಣ್ಣು ನೆಲಕ್ಕಿಳಿಸಿದ, ಇದ್ದ ನಾಲ್ಕು ಮಾತಿನಲ್ಲಿ ಎರಡನ್ನು ನುಂಗಿದ.

"ನಂಗೆ ಹೊಡೆಯೋದೇನೂ ಬೇಡಪ್ಪಾ," ಎಂದಳು ಒಲೀಟಾ ಇಡೀ ಕೋಣೆಗೆ. "ಡಬ್‌ನ ಬಂದೂಕು ಮಾರಿಬಿಟ್ಟೆ. ಸುಮ್ನೆ ಇದನ್ನ ಸರಿಯಾಗಿ ಕೂಗಿಸ್ಬೇಕು ಅಷ್ಟೇ. ಈ ಡಬ್ಬೀನ ಹೇಗೆ ನೋಡ್ಕೋಬೇಕು, ಅದನ್ನ ಹೇಳಿ."

ವರ್ಲಿನ್ ತನ್ನ ಬೂಟಿನ ತುದಿಗೆ ಹೇಳಿದ: "ಶುಚಿಯಾಗಿ ಇಟ್ಕೊಳ್ಳಿ."

"ಅಷ್ಟೇನಾ?"

"ಹ್ಞೂಂ."

ಅಷ್ಟು ಹೇಳಿ ಅವನು ಹಿಂಬಾಗಿಲಿನಿಂದ ಹೊರಟೇಹೋದ. ನನಗೆ ತಿಳಿದ ಮಟ್ಟಿಗೆ, ಮಾತು ಮಿಗಿಸಲು ಹೋಗಿ ಮನುಷ್ಯನೊಬ್ಬ ಇಷ್ಟು ಕಳೆದುಕೊಂಡ ಉದಾಹರಣೆ ಇನ್ನೊಂದಿಲ್ಲ.

ಏಪ್ರಿಲ್ ಬಂತು, ಬೇಟೆ ಶುರುವಾಯಿತು. ಡಾಗ್‌ವುಡ್ ಮರಗಳು ಬೆಳ್ಳಗೆ ಹೂಬಿಟ್ಟವು. ಒಂದು ಮಧ್ಯಾಹ್ನ, ಅಂದಿನ ಬೇಟೆಯ ಹೊತ್ತು ಮುಗಿದ ಮೇಲೆ, ವರ್ಲಿನ್ ಅಂಗಡಿಗೆ ಬಂದ. ಯಾವ ಮೂಟೆಗೂ ಬೆರಳು ತೋರಿಸಲಿಲ್ಲ. ಬೆಂಚಿನ ಮುಂದೆ ನಿಂತು, ತಾನಾಗಿಯೇ ಬಾಯಿ ಬಿಟ್ಟ.

"ಯಾರಾದ್ರೂ ಹೇಂಟೆ ಹೊಡೆದ್ರಾ?"

ಹೋಬರ್ಟನ ಕೈಯ ಕಾಫಿ ಅವನ ಪ್ಯಾಂಟಿನ ಮೇಲೆ ಬಿತ್ತು. ವರ್ಲಿನ್ ಪ್ರಶ್ನೆ ಕೇಳಿದ್ದನ್ನು ಜೀವಂತವಿರುವ ಯಾರೂ ಕಂಡಿರಲಿಲ್ಲ.

"ಹೇಂಟೇನಾ? ವಸಂತದಲ್ಲಾ? ಯಾವ ಹುಚ್ಚನಯ್ಯಾ ಹೊಡೀತಾನೆ?" ಎಂದ ಹೋಬರ್ಟ್, ಪ್ಯಾಂಟು ಒರೆಸಿಕೊಳ್ಳುತ್ತಾ. ಆಮೇಲೆ ಅವನಿಗೆ ಸ್ವಾರಸ್ಯ ಹತ್ತಿತು. "ಕಾಣೆಯಾಗಿದೆಯಾ? ಶೆರಿಫ್‌ಗೆ ದೂರು ಕೊಡು ಮತ್ತೆ. ಚಹರೆ ಹೇಳು, ನಾನೂ ನೋಡಿರ್ತೀನಿ. ಕಂದು ಮೈಬಣ್ಣ. ಸಣ್ಣ ತಲೆ. ಕುತ್ತಿಗೆ ಉದ್ದ. ನಮ್ಮ ನಾದಿನಿಯಲ್ವಾ ಅದು?"

ಬೆಂಚು ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವ ತನಕ ವರ್ಲಿನ್ ಕಾದ. ಕಾಯುವುದು ಅವನಿಗೆ ಗೊತ್ತಿತ್ತು.

"ಮೂರನೇ ಕೂಗಿಗೆ ಒಡೀತಿತ್ತು," ಎಂದ.

ಅದಾದ ಮೇಲೆ ಯಾರೂ ನಗಲಿಲ್ಲ. ಹೋಬರ್ಟ್ ಕೂಡ ತನ್ನ ಒದ್ದೆ ಮಂಡಿ ನೋಡುತ್ತಾ ಕೂತ. ವರ್ಲಿನ್ ಬಾಗಿಲ ಬಳಿ ಎಂದಿನಂತೆ ಒಂದು ಕ್ಷಣ ನಿಂತ.

"ಕಾಡುಬೆಕ್ಕು ತಿಂದಿರುತ್ತೆ ಬಿಡು," ಎಂದೆ ನಾನು, ಸಮಾಧಾನಕ್ಕೆ. ಎಂಥ ಸಮಾಧಾನ! ಅವನು ಟೋಪಿ ಸರಿಪಡಿಸಿಕೊಂಡು ಹೋದ.

ಆಮೇಲೂ ಅವನು ದಿನಾ ಓಕ್ ಮರದ ಬುಡಕ್ಕೆ ಹೋದ, ದಿನಾ ಕೂಗಿದ. ಆಚೆಯಿಂದ ಏನೂ ಬರಲಿಲ್ಲ. ವಿಚಿತ್ರವೆಂದರೆ, ಈಗ ಹುಂಜನಿಗೆ ಗೊಂದಲವಿರಲಿಲ್ಲ, ಒಂದೇ ಹೇಂಟೆ. ಸೀದಾ ಮೇಲೆ ಬಂದು ಇವನ ಮುಂದೆ ರೆಕ್ಕೆ ಬಿಚ್ಚಿ ಕುಣಿಯಿತಂತೆ. ಗಡ್ಡ ನೆಲಕ್ಕೆ ತಾಗುತ್ತಿತ್ತಂತೆ. ವರ್ಲಿನ್ ಅದರ ತಲೆಯ ಮೇಲಿಂದ ಆಚೆಯ ದಿಬ್ಬ ನೋಡುತ್ತಾ ಕೂತ. ಹುಂಜ ಬೇಸತ್ತು ಇಳಿದುಹೋಯಿತು. ಇದನ್ನು ಅವನು ಹೇಳಲಿಲ್ಲ; ಪಕ್ಕದ ಜಮೀನಿನಲ್ಲಿ ಬೇಲಿ ಕಟ್ಟುತ್ತಿದ್ದವನೊಬ್ಬ ದೂರದಿಂದ ಕಂಡು, ತನ್ನ ಕಣ್ಣನ್ನೇ ನಂಬದೆ, ನನ್ನ ಅಂಗಡಿಗೆ ಬಂದು ಒಪ್ಪಿಸಿದ.

ಕೊನೆಗೊಂದು ಬೆಳಿಗ್ಗೆ, ಬಿಸಿಲು ಮರದ ತುದಿಗೆ ಬರುವ ತನಕ ಕೂತು ಕಿವಿಗೊಟ್ಟು ಸಾಕಾಗಿ, ಅವನು ಎದ್ದ. ಬಂದೂಕನ್ನು ಟ್ರಕ್ಕಿನೊಳಗಿಟ್ಟು ಬೀಗ ಹಾಕಿದ. ಬೇರೆ ಬೇಟೆಗಾರರು ಹುಂಜವೆಂದು ಹೊಡೆಯದಿರಲೆಂದು ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡ. ಮೆತ್ತೆ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡ. ಮತ್ತೆ, ಎಷ್ಟೋ ವರ್ಷಗಳಿಂದ ಹೊಸಬರಿಗೆ ಯಾವುದನ್ನು ಯಾವತ್ತೂ ಮಾಡಬೇಡಿ ಎಂದು ಹೇಳುತ್ತ ಬಂದಿದ್ದನೋ ಅದನ್ನೇ ಮಾಡಿದ. ಸದ್ದು ಬರುತ್ತಿದ್ದ ಕಡೆಗೆ ನಡೆದುಕೊಂಡು ಹೊರಟ.

ಇಲ್ಲಿಂದ ಮುಂದಿನದು ಒಲೀಟಾ ಹೇಳಿದ್ದು. ಅವಳು ಹೇಳಿದ್ದರಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಬರೆಯುತ್ತಿದ್ದೇನೆ. ಉಳಿದದ್ದು ಅವಳ ಸೊಂಟನೋವಿನ ಬಗ್ಗೆ.

ತೊರೆಯಲ್ಲಿ ನೀರು ಮೊಣಕಾಲಿಗಿತ್ತು. ಆಚೆ ದಡದಲ್ಲಿ ಡಬ್‌ನ ನೇರಳೆ ಪಟ್ಟೆಗಳು ಸಾಲಾಗಿ ನಿಂತಿದ್ದವು, ಬಣ್ಣ ಮಾಸಿದ್ದರೂ ಕೋಪ ಮಾಸದ ಹಾಗೆ. ವರ್ಲಿನ್ ಅವುಗಳ ಮುಂದೆ ನಿಂತಿದ್ದು, ದಾಟಿದ. ದಿಬ್ಬ ಹತ್ತುತ್ತಾ ಆಗಾಗ ಪೀಪಿ ತೆಗೆದು ಕೂಗಿದ. ಉತ್ತರವಾಗಿ ಸೀಡರ್ ಪೊದೆಯ ಹಿಂದಿನಿಂದ ಸಣ್ಣ ಸದ್ದು ಬಂತು: ಸ್ರ್... ಸ್ರ್... ಮೇಜಿನ ಡ್ರಾದಲ್ಲಿ ಇಲಿ ಓಡಾಡಿದ ಹಾಗೆ. ಅವನು ಪೊದೆ ಸರಿಸಿದ.

ಮರದ ಬುಡದಲ್ಲಿ ಒಲೀಟಾ ಕ್ರೈಡರ್ ಕೂತಿದ್ದಳು. ನೀಲಿ ಕೋಟು, ಕೆಂಪು ಸ್ಕಾರ್ಫು, ಬಿಳಿ ಕೂದಲು. ವರ್ಲಿನನ ಎರಡನೆಯ ಪಾಠ ಇಡಿಯಾಗಿ ಎದುರಿಗೆ ಕೂತಿತ್ತು.

ಅಷ್ಟು ವರ್ಷಗಳ ಮೌನದ ನಂತರ ಆ ದಿಬ್ಬದ ಮೇಲೆ ಅವನಾಡಿದ ಮೊದಲ ಮಾತು: "ಆ ಬಣ್ಣ ಬೇಡ ಅಂದಿದ್ದೆ."

"ಅಯ್ಯೋ ನನ್ನಪ್ಪಾ, ಜೀವ ಹೋಯ್ತು!" ಎಂದು ಒಲೀಟಾ ಎದೆಗೆ ಕೈಯಿಟ್ಟುಕೊಂಡಳು. "ವರ್ಲಿನ್ನಾ? ಕೋಟು ಬಿಚ್ಚಬಹುದು, ಸ್ಕಾರ್ಫು ಬಿಚ್ಚಬಹುದು, ಕೂದಲನ್ನ ಏನ್ರೀ ಮಾಡ್ಲಿ? ಕೆಳಗೆ ನೇರಳೆ ಬಣ್ಣ ಕಾಣ್ಲಿಲ್ವಾ ನಿಮಗೆ?"

"ಕಾಣ್ತು."

"ಮತ್ತೆ?"

"ದಾಟಿದೆ." ಅವನು ಟೋಪಿ ಕೈಗೆ ತೆಗೆದುಕೊಂಡ. "ಒಂದು ಹೇಂಟೆ ಹುಡುಕ್ತಿದೀನಿ."

"ನೋಡಿ ಮತ್ತೆ! ನನ್ನ ಗೋಳೂ ಅದೇ!" ಒಲೀಟಾಳಿಗೆ ಕಿವಿಯೊಂದು ಸಿಕ್ಕಿತ್ತು, ಇನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ. "ನಿಮ್ಮ ದಿಬ್ಬದ ಕಡೆ ಒಂದು ಹೇಂಟೆ ಇದೆ, ವರ್ಲಿನ್. ಡಬ್ ಹೋದ ವರ್ಷದಿಂದ ನಾನೂ ಅದೂ ದಿನಾ ಬೆಳಿಗ್ಗೆ ಮಾತು. ಮನೇಲಿ ವಸಂತ ಅಂದ್ರೆ ಈ ಡಬ್ಬಿ ಸದ್ದೇ ಅಲ್ವಾ? ಅದಿಲ್ದೆ ಇರಕ್ಕಾಗ್ದೆ ಸುಮ್ನೆ ಒಂದಿನ ಉಜ್ಜಿದೆ. ಅದು ತಿರುಗಿ ಕೂಗ್ತು! ಎಷ್ಟು ಚೆಂದ ಕೂಗುತ್ತೆ ಅಂತೀರಿ. ಈ ವರ್ಷ ಡಬ್ಬಿ ಮೂಕಾಗಿಬಿಟ್ಟಿದೆ. ಅದು ದಿನಾ ಕರೀತಾನೇ ಇದೆ ರೀ. ನನಗೆ ಉತ್ತರ ಕೊಡಕ್ಕಾಗ್ತಿಲ್ಲ. ಏನಂದ್ಕೊಂಡಿರುತ್ತೋ ಪಾಪ."

ವರ್ಲಿನ್ ಬಹಳ ಹೊತ್ತು ಟೋಪಿಯ ಅಂಚನ್ನು ತಿರುಗಿಸಿದನಂತೆ.

"ಸತ್ತುಹೋದ್ರಿ ಅಂದ್ಕೊಂಡಿತ್ತು," ಎಂದ.

ಒಲೀಟಾಳಿಗೆ ಅರ್ಥವಾಗಲಿಲ್ಲ. ಅವನು ಕೈ ನೀಡಿದ, ಅವಳು ಡಬ್ಬಿ ಕೊಟ್ಟಳು. ಮೂಗಿನ ಹತ್ತಿರ ಹಿಡಿದ. ನಿಂಬೆಯ ಪರಿಮಳ.

"ಏನು ಹಚ್ಚಿದ್ರಿ?"

"ನಿಂಬೆ ಎಣ್ಣೆ, ಪೀಠೋಪಕರಣಕ್ಕೆ ಹಚ್ಚೋದು. ನೀವೇ ಅಂದ್ರಲ್ಲ, ಶುಚಿಯಾಗಿಟ್ಕೊಳ್ಳಿ ಅಂತ. ನಮ್ಮ ಪಿಯಾನೋಗೂ ಅದನ್ನೇ ಹಚ್ಚೋದು, ಫಳಫಳ ಹೊಳೆಯುತ್ತೆ. ಇದನ್ನ ಮೂರು ಸಲ ಹಚ್ಚಿ ತಿಕ್ಕಿದೀನಿ!"

ಬೇಟೆ ಗೊತ್ತಿದ್ದವರು ಈ ಜಾಗದಲ್ಲಿ ಅಯ್ಯೋ ಎಂದು ಹಣೆ ಹಿಡಿದುಕೊಳ್ಳುತ್ತಾರೆ. ಆ ಡಬ್ಬಿ ಕೂಗುವುದು ಮರಕ್ಕೆ ಮರ ಉಜ್ಜಿ, ನಡುವೆ ಸೀಮೆಸುಣ್ಣದ ಪುಡಿ ಇದ್ದರೆ ಮಾತ್ರ. ಎಣ್ಣೆಯ ಒಂದು ತೊಟ್ಟು ತಾಗಿದರೂ ಅದು ಮೂಕ. 'ಎಣ್ಣೆ ತಾಗಿಸ್ಬೇಡಿ' ಎಂಬ ಎರಡು ಮಾತನ್ನು ಮಾರ್ಚ್ ತಿಂಗಳಲ್ಲಿ ಮಿಗಿಸಿದ್ದಕ್ಕೆ ಗುರುಗಳು ಏಪ್ರಿಲ್ ಪೂರ್ತಿ ದಂಡ ತೆತ್ತಿದ್ದರು.

ವರ್ಲಿನ್ ಮೆತ್ತೆಗಳನ್ನು ಬಿಚ್ಚಿ ಎರಡನ್ನೂ ಹಾಸಿದ. ಒಂದರ ಮೇಲೆ ಕೂತು, ಇನ್ನೊಂದನ್ನು ತೋರಿಸಿ, "ಕೂರಿ," ಎಂದ.

ಓದುಗರೇ, ಒಂದು ಕ್ಷಣ ನಿಲ್ಲಿ. ದೇವದೂತರು ಕೂರದ, ನಾಯಿಯ ಆತ್ಮ ಏರದ, ಟರ್ಕಿಗಳ ಅರಸನಿಗೂ ದಕ್ಕದ, ನನ್ನಂಥ ಬಡ ಅಂಗಡಿಯವನಿಗೆ ನಿರಾಕರಿಸಲಾದ ಆ ಆಸನದ ಮೇಲೆ ಒಲೀಟಾ ಕ್ರೈಡರ್ "ಅಮ್ಮಾ, ನನ್ನ ಸೊಂಟ" ಎನ್ನುತ್ತಾ ಕೂತಳು.

ಅವನು ಕೋಟಿನ ಜೇಬಿನಿಂದ ಸ್ಯಾಂಡ್ ಪೇಪರಿನ ಚೂರು ತೆಗೆದು ಡಬ್ಬಿಯ ಅಂಚನ್ನು, ಮುಚ್ಚಳದ ಒಳಮೈಯನ್ನು ಸಾವಧಾನವಾಗಿ ತಿಕ್ಕಿದ. ಗರಗಸದ ಹಲ್ಲು ಮಸೆದ ಕೈ. ಎಣ್ಣೆ ಕುಡಿದ ಮರದ ಪದರ ಹೋಗುವ ತನಕ ಬಿಡಲಿಲ್ಲ. ಸೀಮೆಸುಣ್ಣ ಬಳಿದು ಅವಳ ಕೈಗೆ ಕೊಟ್ಟ. ಅವಳು ಉಜ್ಜಿದಳು.

ಎರಡು ಕೂಗು ಸರಿಯಾಗಿ. ಮೂರನೆಯದು ಒಡೆದು, ಕಿರುಗುಟ್ಟಿತು.

"ಡಬ್‌ಗೆ ಹೀಗೆ ಒಡೀತಿರ್ಲಿಲ್ಲ," ಎಂದಳು ಒಲೀಟಾ. "ನನ್ನ ಮಣಿಕಟ್ಟು ಸರಿಯಿಲ್ಲ, ಕೊನೇಲಿ ಜಾರುತ್ತೆ. ಇದನ್ನ ಹೇಗೆ ಸರಿಮಾಡೋದು?"

"ಬೇಡ," ಎಂದ ವರ್ಲಿನ್. "ಹಾಗೇ ಇರ್ಲಿ."

ಆಮೇಲೆ ಜೇಬಿನಿಂದ ಮೂಳೆಯ ಪೀಪಿ ತೆಗೆದು, ತುಟಿಗಿಟ್ಟು, ಅವಳಿಗೆ ಉತ್ತರ ಕೊಟ್ಟ.

ಡ್ರೈ ಫೋರ್ಕಿನ ಚರಿತ್ರೆಯಲ್ಲಿ ಒಲೀಟಾ ಕ್ರೈಡರಳಿಗೆ ಮಾತು ನಿಂತದ್ದು ಅದೊಂದೇ ಸಲ. ಅವಳು ಪೀಪಿ ನೋಡಿದಳು. ಅವನ ದಿಬ್ಬ ನೋಡಿದಳು. ಅವನನ್ನು ನೋಡಿದಳು.

"ನೀವಾ?"

"ಹ್ಞೂಂ."

"ಇಷ್ಟು ವರ್ಷನೂ?"

"ಹ್ಞೂಂ."

"ಅಯ್ಯಯ್ಯೋ," ಎಂದಳು ಒಲೀಟಾ. "ಆ ಹೇಂಟೆ ಹತ್ರ ನಾನು ನಿಮ್ಮನ್ನ ಎಷ್ಟು ಬೈದಿದೀನಿ! 'ಆ ಮುಸುಡಿ ಮ್ಯಾಗರ್ಡನ ದಿಬ್ಬದಲ್ಲಿ ಹೇಗೆ ಬಾಳ್ತೀಯೇ' ಅಂತ!"

"ಗೊತ್ತಾಗ್ಲಿಲ್ಲ."

ಒಲೀಟಾ ನನ್ನ ಅಂಗಡಿಯಲ್ಲಿ ಇದನ್ನು ಹೇಳುವಾಗ ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಆಮೇಲೆ ಕೊಳ್ಳಲು ಬಂದಿದ್ದ ಸೀಮೆಸುಣ್ಣದ ಡಬ್ಬವನ್ನು ಕೌಂಟರಿನ ಮೇಲೆ ಆ ಕಡೆ ಈ ಕಡೆ ತಿರುಗಿಸುತ್ತಾ, "ಒಂಥರಾ ದುಃಖ ಆಯ್ತು ಅಮೋಸ್," ಎಂದಳು ನನ್ನ ಕಡೆ ತಿರುಗಿ. "ಒಳ್ಳೇ ಹೇಂಟೆ ಅದು." ಒಂದೇ ಗಳಿಗೆಯಲ್ಲಿ ಇಬ್ಬರಿಗೂ ತಮ್ಮ ತಮ್ಮ ಹೇಂಟೆ ಹೋಗಿ ಬದಲಿಗೆ ಒಬ್ಬೊಬ್ಬರು ನೆರೆಯವರು ಸಿಕ್ಕಿದ್ದರು. ವ್ಯಾಪಾರ ಲಾಭದ್ದೋ ನಷ್ಟದ್ದೋ ಎಂದು ಇಬ್ಬರಿಗೂ ಖಾತ್ರಿಯಿರಲಿಲ್ಲ.

ಅತ್ತ ದಿಬ್ಬದ ಮೇಲೆ ಅವರಿನ್ನೂ ಕೂತಿರುವಾಗಲೇ ಕೆಳಗಿನಿಂದ ಕಾಡು ನಡುಗುವಂತೆ ಗಳಗಳ ಸದ್ದು. ನಾಲ್ಕು ವಸಂತ ನಡುದಾರಿಯಲ್ಲಿ ನವೆದ ಹುಂಜನಿಗೆ, ಎರಡೂ ಹೇಂಟೆಗಳು ಕಡೆಗೂ ಒಂದೇ ಕಡೆಯಿಂದ ಕೂಗಿದ್ದು ಕೇಳಿತ್ತು. ಅವನ ಜಾತಕದಲ್ಲಿ ಇಂಥ ದಿನ ಇದೆಯೆಂದು ಯಾರು ಕಂಡಿದ್ದರು? ದಿಬ್ಬವನ್ನು ಓಡಿ ಹತ್ತಿದ. ಪೊದೆಯಾಚೆ ಬಂದು ಬಾಲದ ಬೀಸಣಿಗೆ ಬಿಚ್ಚಿದ, ರೆಕ್ಕೆಯ ತುದಿಯಿಂದ ತರಗೆಲೆ ಗೀರಿದ. ಮೆತ್ತೆಗಳ ಮೇಲೆ ಇಬ್ಬರೂ ಕಲ್ಲಾದರು. ಆಗ ಹುಂಜನ ಕಣ್ಣಿಗೆ ಒಲೀಟಾ ಬಿದ್ದಳು. ಕೆಂಪು, ಬಿಳಿ, ನೀಲಿ. ಇನ್ನೊಬ್ಬ ಹುಂಜ! ತನಗಿಂತ ಮೊದಲೇ ಬಂದು ಕೂತಿದ್ದಾನೆ! ಅವನು ಉಬ್ಬಿ ಉಬ್ಬಿ, ಕತ್ತು ಸೆಟೆದು, ಅವಳ ಮುಂದೆ ಯುದ್ಧಕ್ಕೆ ನಿಂತ.

"ಹೊಡೀರಿ," ಎಂದಳು ಒಲೀಟಾ, ತುಟಿ ಅಲ್ಲಾಡಿಸದೆ.

"ಬಂದೂಕು ಟ್ರಕ್ಕಲ್ಲಿದೆ," ಎಂದ ವರ್ಲಿನ್, ತುಟಿ ಅಲ್ಲಾಡಿಸದೆ. ಆ ಕಲೆಯಲ್ಲಿ ಅವನಿಗೆ ಮೊದಲಿನಿಂದಲೂ ಕೈ ಪಳಗಿತ್ತು.

ಹುಂಜ ಬಹಳ ಹೊತ್ತು ಕುಣಿದು, ಎದುರಾಳಿ ಹೇಡಿಯೆಂದು ತೀರ್ಮಾನಿಸಿ, ವಿಜಯಿಯಾಗಿ ಇಳಿದುಹೋದ. ಒಲೀಟಾ ಕಾಫಿಗೆ ಮನೆಗೆ ಬನ್ನಿ ಎಂದಳು. ವರ್ಲಿನ್ ಮೆತ್ತೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಿಸಿಲೇರ್ತು," ಎಂದು ತೊರೆ ದಾಟಿದ.

ಮರುದಿನ ಬೆಳಿಗ್ಗೆ ಎರಡೂ ದಿಬ್ಬಗಳು ಸುಮ್ಮನಿದ್ದವು. ಅವನು ಓಕ್ ಮರದ ಕೆಳಗೆ ಕೂತಿದ್ದಾನೆಂದು ಅವಳಿಗೆ ಗೊತ್ತು. ಅವಳು ಸೀಡರ್ ಪೊದೆಯ ಹಿಂದಿದ್ದಾಳೆಂದು ಅವನಿಗೆ ಗೊತ್ತು. ಹೇಂಟೆಯಾದರೆ ಏನು ಬೇಕಾದರೂ ಹೇಳಬಹುದು. ಒಲೀಟಾ ಕ್ರೈಡರಳಿಗೆ ಏನು ಹೇಳುವುದು?

"ನಾನೇ ಮೊದ್ಲು ಕೂಗ್ದೆ," ಎಂದಳು ಒಲೀಟಾ ನನಗೆ. "ಏನೂ ಬರ್ಲಿಲ್ಲ. ಬಿಸಿಲು ನನ್ನ ಕಾಲ ಹತ್ರ ಬಂತು, ಆಗ್ಲೂ ಬರ್ಲಿಲ್ಲ. ಮುಗೀತು, ಎದ್ದು ಮನೆಗೆ ಹೋಗ್ಬೇಕು ಅಂತ ಡಬ್ಬಿ ಸುತ್ತಿಟ್ಟೆ. ಆಗ ಬಂತು ನೋಡಿ."

ಅವರು ಈಗಲೂ ಹಾಗೇ. ಅವನು ಆ ದಿಬ್ಬ, ಅವಳು ಈ ದಿಬ್ಬ, ನಡುವೆ ಕಣಿವೆ. ನೇರಳೆ ಪಟ್ಟೆಗಳು ಇದ್ದಲ್ಲೇ ಇವೆ. ಡಬ್ ಬಳಿದದ್ದನ್ನು ತಾನು ಕೆರೆಯುವುದಿಲ್ಲ ಎನ್ನುತ್ತಾಳೆ ಒಲೀಟಾ. ಬೇಟೆಯ ಕಾಲ ಮುಗಿದ ಮೇಲೂ ಬೆಳಿಗ್ಗೆ ಆ ರಸ್ತೆಯಲ್ಲಿ ಹೋದರೆ ಎರಡು ಕೂಗು ಸರಿಯಾಗಿ, ಒಂದು ಒಡೆದು ಕೇಳುತ್ತದೆ. ಆಮೇಲೆ ಆಚೆಯಿಂದ ಇನ್ನೊಂದು. ನಾನು ಗಾಡಿಯ ಎಂಜಿನ್ ಆರಿಸಿ ಕೇಳಿದ್ದೇನೆ. ಚೆನ್ನಾಗಿರುತ್ತದೆ, ಆದರೆ ಹೆಚ್ಚು ಹೊತ್ತು ಕೇಳಲಾಗುವುದಿಲ್ಲ.

ಊರಿಗಂತೂ ಹಬ್ಬ. ಎರಡನೆಯ ಮೆತ್ತೆಯ ರಹಸ್ಯ ಬಯಲಾಯಿತಲ್ಲ! ವರ್ಲಿನ್ ಇಷ್ಟು ವರ್ಷ ಆ ಜಾಗವನ್ನು ಕಾದಿಟ್ಟದ್ದು ಒಲೀಟಾಳಿಗಾಗಿಯೇ ಎಂದು ಪಾದ್ರಿಯ ಹೆಂಡತಿ ಕಣ್ಣೊರೆಸಿಕೊಂಡಳು. ಕೈಕೊಟ್ಟ ಹುಡುಗಿ ಅವಳೇ ಎಂದು ತನಗೆ ಮೊದಲೇ ಗೊತ್ತಿತ್ತೆಂದು ಹೋಬರ್ಟ್ ಆಣೆ ಮಾಡಿದ. ಮೆತ್ತೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನನ್ನ ಅಂಗಡಿಯಲ್ಲಿ ಪ್ರದರ್ಶಿಸಬೇಕೆಂಬ ಮಾತೂ ಬಂತು.

ಹೀಗಿರುವಾಗ ವರ್ಲಿನ್ ಒಂದು ದಿನ ಮೂಟೆ ಹೊತ್ತು ಬಾಗಿಲ ಬಳಿ ಎಂದಿನಂತೆ ನಿಂತ. ನನಗೆ ತಡೆಯಲಾಗಲಿಲ್ಲ.

"ವರ್ಲಿನ್, ಒಂದು ಮಾತು ಹೇಳಿಬಿಡು ಮಾರಾಯಾ. ಇಷ್ಟು ವರ್ಷ ಆ ಎರಡನೇ ಮೆತ್ತೆ ಯಾಕೆ ಹೊತ್ಕೊಂಡು ತಿರುಗ್ತಿದ್ದೆ?"

ಹೋಬರ್ಟ್ ಮುನ್ನೆಚ್ಚರಿಕೆಯಾಗಿ ಕಾಫಿಯನ್ನು ಕೆಳಗಿಟ್ಟ.

"ಒಂದು ಒದ್ದೆಯಾಗುತ್ತೆ," ಎಂದ ವರ್ಲಿನ್.

"ಹಾಗಾದ್ರೆ ಅವತ್ತು ಒಲೀಟಾಗೆ ಕೊಟ್ಟಿದ್ದು?"

ಅವನು ಮೂಟೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಒದ್ದೆಯಾಗಿದ್ದು."